ನಾವು ಉಣ್ಣುವ ಬೆಳೆಗೂ ಪಹಣಿಯಲ್ಲಿ ಒಂದು ಸಾಲು ಕೊಡಿ

ಬೆಳೆ ಸಮೀಕ್ಷೆಯ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,
ಮದ್ದೂರು ತಾಲ್ಲೂಕಿನ ರೈತ ಹೆಂಗಸೊಬ್ಬಳ ನಮಸ್ಕಾರಗಳು.

ಕಳೆದ ಮುಂಗಾರಿನಲ್ಲಿ ಸಮೀಕ್ಷೆಗೆಂದು ನಮ್ಮ ಹೊಲಕ್ಕೆ ಒಬ್ಬ ಹುಡುಗ ಬಂದಿದ್ದ. ಪಕ್ಕದೂರಿನವನು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವನು. ಒಂದು ತಾಕಿಗೆ ಇಷ್ಟು ಎಂದು ದುಡ್ಡು ಕೊಡುತ್ತಾರಂತೆ. ಹಾಗಾಗಿ ಬಿಸಿಲೇರುವುದರೊಳಗೆ ಎಷ್ಟು ತಾಕು ಮುಗಿದರೆ ಅಷ್ಟು ಅವನಿಗೆ ಲಾಭ. ಬೈಕನ್ನು ಬದುವಿನ ಪಕ್ಕ ನಿಲ್ಲಿಸಿ, ಫೋನು ಹಿಡಿದು ಹೊಲದ ನಡುವೆ ಬಂದು ನಿಂತ.

"ಅಕ್ಕ, ಇದ್ರಲ್ಲಿ ಏನ್ ಬೆಳೆ?"

ನಾನು ಬಾಯಿ ತೆಗೆಯುವ ಮೊದಲೇ ನಮ್ಮತ್ತೆ ಶುರು ಮಾಡಿದರು. "ರಾಗಿ ಬರ್ಕೊ ಮಗ. ಅಕ್ಕಡೀಲಿ ಅವರೆ, ತೊಗರಿ, ಹುಚ್ಚೆಳ್ಳು. ಆ ಕಡೆ ಅಂಚಲ್ಲಿ ಜೋಳ. ಅಲ್ಲೊಂದೆರಡು ಕಡೆ ಸಾಸುವೆ ಚೆಲ್ಲಿವ್ನಿ. ಬದಿನ್ ಮ್ಯಾಲೆ ಅರಳು. ಅಲಸಂದೆ ಅಲ್ಲಲ್ಲೇ ಅದೆ, ನೋಡ್ಕೊ."

ರಾಗಿಯ ನಡುನಡುವೆ ಸಾಲಾಗಿ ಬಿತ್ತುವ ಬೇರೆ ಬೆಳೆಗೆ ನಾವು ಅಕ್ಕಡಿ ಎನ್ನುತ್ತೇವೆ. ಹುಡುಗನ ಬೆರಳು ಫೋನಿನ ಮೇಲೆ ಹಾಗೇ ನಿಂತಿತ್ತು. "ಅಜ್ಜಿ, ಒಂದ್ ಹೇಳಿ. ದೊಡ್ಡ ಬೆಳೆ ಯಾವ್ದು?"

"ದೊಡ್ಡದು ಚಿಕ್ಕದು ಅಂತ ಅದಾ ಮಗ? ಎಲ್ಲಾ ಉಣ್ಣದೇಯ."

ಅವನು ರಾಗಿ ಎಂದು ಒತ್ತಿ, ಫೋಟೊ ತೆಗೆದುಕೊಂಡು ಹೋದ. ಅದು ಸರಿಯೇ. ಸೊಸೈಟಿ ಸಾಲಕ್ಕೆಂದು ಪಹಣಿ ತೆಗೆಸಿದಾಗ ಉಳಿದದ್ದು ಗೊತ್ತಾಯಿತು. ಬೆಳೆ ಬರೆಯುವ 12ನೇ ಕಾಲಂನಲ್ಲಿ ನಮ್ಮ ಗದ್ದೆಯಷ್ಟೂ ಕಬ್ಬು ಎಂದಿತ್ತು. ಅದರಲ್ಲಿ 8 ಗುಂಟೆ ನಾವು ಬತ್ತ ನಾಟಿ ಮಾಡಿದ್ದೆವು. ಮನೆ ಹಿಂದಿನ 4 ಗುಂಟೆ ಹಿತ್ತಲಿಗೆ 'ಪಾಳು' ಎಂದಿತ್ತು. ಆ ಪಾಳಿನಿಂದ ಅದೇ ದಿನ ಬೆಳಿಗ್ಗೆ ನಾನು ಒಂದು ಮೊರ ಬದನೆಕಾಯಿ, ಎರಡು ಹಿಡಿ ಹಸಿಮೆಣಸು ಕಿತ್ತು, ಕೋಳಿಗೂಡಿನಿಂದ ಐದು ಮೊಟ್ಟೆ ತೆಗೆದಿಟ್ಟು, ಬಸ್ಸು ಹತ್ತಿ ಪಹಣಿ ತರಲು ಹೋಗಿದ್ದೆ.

ಹುಡುಗನ ಮೇಲೆ ನನಗೆ ದೂರಿಲ್ಲ. ನಮ್ಮ ಹಿತ್ತಲನ್ನು ಹೊಸಬರು ನೋಡಿದರೆ ಪಾಳು ಎಂದೇ ಅಂದುಕೊಳ್ಳಬೇಕು, ಹಾಗಿದೆ. ನುಗ್ಗೆ ಮರಕ್ಕೆ ಚಪ್ಪರದವರೆ ಹಬ್ಬಿದೆ. ಅದರ ನೆರಳಲ್ಲಿ ಅರಿಸಿನ, ಶುಂಠಿ. ಬಚ್ಚಲು ನೀರು ಹರಿಯುವ ಕಡೆ ಕೆಸು, ಬಾಳೆ, ದೊಡ್ಡಪತ್ರೆ. ಬೇಲಿಯ ಮೇಲೆ ಹೀರೆ, ತೊಂಡೆ. ಸಾಲು ಎಂಬುದು ಎಲ್ಲೂ ಇಲ್ಲ. ತಪ್ಪಿದ್ದರೆ 'ಬೆಳೆ ದರ್ಶಕ್' ಆ್ಯಪಿನಲ್ಲಿ ಆಕ್ಷೇಪಣೆ ಹಾಕಬಹುದು ಎಂದು ಮಗಳು ಹೇಳಿದಳು, ಅವಳೇ ಹಾಕಿದಳು. ಬತ್ತದ ವಿಚಾರ ಸರಿಹೋಯಿತು. ಹಿತ್ತಲಿಗೆ ಬಂದಾಗ ಅವಳೇ ಸಿಕ್ಕಿಬಿದ್ದಳು. ಬೆಳೆಯ ಹೆಸರಿನ ಜೊತೆ ಎಷ್ಟು ವಿಸ್ತೀರ್ಣ ಎಂದೂ ಹೇಳಬೇಕಲ್ಲ. "ಅಮ್ಮ, ಆರು ಗಿಡ ಬದನೆಗೆ ಎಷ್ಟು ಗುಂಟೆ ಅಂತ ಹಾಕ್ಲಿ?" ಎಂದು ಕೇಳಿದಳು. ನನಗೂ ಗೊತ್ತಾಗಲಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ.

ಇದನ್ನು ನಾವು ಶೋಕಿಗೆ ಮಾಡಿಕೊಂಡಿಲ್ಲ ಎಂಬುದನ್ನು ಮೊದಲು ಹೇಳಬೇಕು. ಈಗ ರೆಸಾರ್ಟಿನಂಥ ತೋಟದ ಮನೆ ಕಟ್ಟಿಸಿ, ನಾಲ್ಕು ಟೊಮ್ಯಾಟೊ ಬೆಳೆದು ಫೋಟೊ ಹಾಕುವವರು ಮೈಸೂರು ರಸ್ತೆಯ ಎರಡೂ ಬದಿ ಇದ್ದಾರೆ. ಅವರಿಗೂ ಒಳ್ಳೆಯದಾಗಲಿ. ನಮ್ಮದು ಒಟ್ಟು 1 ಎಕರೆ 32 ಗುಂಟೆ. ನಾನು ಮದುವೆಯಾಗಿ ಬಂದಾಗ ಮನೆ ಸುತ್ತಲಿನ ಜಾಗ ಬಿಟ್ಟು ಅಷ್ಟಕ್ಕೂ ಕಬ್ಬೇ. ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು, ಮೇಲಿನ ಹೊಲಕ್ಕೆ ಬೋರಿನ ನೀರು. ನಾಲೆಗೆ ಇನ್ನೂ ಇರ್ವಿನ್ ನಾಲೆ ಎಂಬ ಹೆಸರಿದ್ದ ಕಾಲದಲ್ಲಿ, 1933ರಲ್ಲಿ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಅಲ್ಲಿಯವರೆಗೆ ರಾಗಿ, ಹುರುಳಿ ನಂಬಿಕೊಂಡಿದ್ದ ಸೀಮೆ ಸಕ್ಕರೆ ನಾಡಾಯಿತು. ಆ ನೀರಿನಿಂದಲೇ ನಮ್ಮ ಕಡೆಯ ಹುಲ್ಲಿನ ಮನೆಗಳು ಹೆಂಚಿನ ಮನೆಯಾದವು, ಹೆಣ್ಣುಮಕ್ಕಳು ಶಾಲೆ ಕಂಡರು. ಕಬ್ಬನ್ನು ಬೈಯುವ ಬಾಯಿ ನನ್ನದಲ್ಲ. ಇವತ್ತಿಗೂ ನಮ್ಮ ಗದ್ದೆಯಲ್ಲಿ ಒಂದು ಎಕರೆ ಕಬ್ಬಿದೆ, ಮಗಳ ಕಾಲೇಜು ಫೀಸು ಅದರದ್ದೇ.

ಆದರೆ ಒಂದು ವರ್ಷ ಕಬ್ಬು ಕಡಿದು ಸಾಗಿಸಿ ಒಂಬತ್ತು ತಿಂಗಳಾದರೂ ಬಟವಾಡೆ ಆಗಲಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಇದನ್ನು ನಾನು ತಿಳಿದುಕೊಂಡದ್ದು ಆಮೇಲೆ. ಆಗ ಗೊತ್ತಿದ್ದದ್ದು ಅಂಗಡಿಯ ಸಾಲದ ಪುಸ್ತಕ ಮಾತ್ರ. ಒಂದು ಸಂಜೆ ಎರಡು ಕಟ್ಟು ದಂಟಿನ ಸೊಪ್ಪು ಕೈಯಲ್ಲಿ ಹಿಡಿದು "ಬರ್ಕೊಳಣ್ಣ" ಎಂದೆ. ಅಂಗಡಿಯವರು ಬರೆದುಕೊಂಡರು. ಬರೆಯುತ್ತಾ, ತಲೆ ಎತ್ತದೆ, "ಬಟವಾಡೆ ಆಯ್ತಾ ಅಕ್ಕ?" ಎಂದರು. ಬೇರೆ ಏನೂ ಅನ್ನಲಿಲ್ಲ. ಎರಡು ಎಕರೆಯ ಹತ್ತಿರ ಭೂಮಿ ಇರುವ ಮನೆಯವಳು ಸೊಪ್ಪನ್ನು ಸಾಲ ತಂದೆನಲ್ಲ ಎಂದು ದಾರಿಯುದ್ದಕ್ಕೂ ನನಗೇ ನಾಚಿಕೆಯಾಯಿತು.

2016-17ರ ಬರದಲ್ಲಿ ಬೋರು ಬತ್ತಿತು. ಮೇಲಿನ ಹೊಲದ ಕಬ್ಬು ನಿಂತಲ್ಲೇ ಒಣಗಿ ತರಗಾಯಿತು. ನಮ್ಮ ಯಜಮಾನರು ಇನ್ನೊಂದು ಬೋರು ಕೊರೆಸಲು ಸಾಲ ಹುಡುಕುತ್ತಿದ್ದರು. ಅತ್ತೆ ಹೊಸಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾ, "ಬೋರ್ ಹೋದ್ರೆ ಹೋಗ್ಲಿ ಬುಡು. ಮಳೆ ಎಲ್ಲಿಗೋಯ್ತದೆ? ಒಂದ್ ವರ್ಸ ರಾಗಿ ಬಿತ್ತಿ ನೋಡಿ" ಎಂದರು. ಆಗ ಮನೆಯಲ್ಲಿ ಕೂರಿಗೆಯೂ ಇರಲಿಲ್ಲ, ಅಕ್ಕಡಿ ಬೀಜ ಬಿಡುವ ಸಡ್ಡೆಯೂ ಇರಲಿಲ್ಲ. ಎರಡನ್ನೂ ಅತ್ತೆಯ ತವರಿನಿಂದ ತಂದೆವು. ಬೀಜವೂ ಅಲ್ಲಿಯದೇ. ನಮ್ಮೂರಿನ ಗಂಡಸರು ನಕ್ಕರು, ಯಜಮಾನರೂ ಸ್ವಲ್ಪ ನಕ್ಕರು. ರಾಗಿ ಎಂದರೆ ಕೈಲಾಗದವರ ಬೆಳೆ ಎಂಬ ಅಸಡ್ಡೆ ನಾಲೆ ಬಯಲಿನವರಿಗೆ ಮೊದಲಿನಿಂದ ಇದೆ. ಇಂಡಿಯಾದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟ 'ರಾಗಿ' ಲಕ್ಷ್ಮಣಯ್ಯನವರು ದುಡಿದದ್ದು ಇದೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ!

ಈಗ ಲೆಕ್ಕಕ್ಕೆ ಬರುತ್ತೇನೆ. ನಿಮಗೆ ಲೆಕ್ಕ ಇದ್ದರೆ ಮಾತು ಸುಲಭ.

ಮನೆಯಲ್ಲಿ ಐದು ಜನ. ದಿನಕ್ಕೆ ಒಂದು ಕೆ.ಜಿ. ರಾಗಿ ಹಿಟ್ಟು, ಮುಕ್ಕಾಲು ಕೆ.ಜಿ. ಅಕ್ಕಿ ಬೇಕು. 2024ರಲ್ಲಿ ಮಳೆ ಕೈಕೊಡಲಿಲ್ಲ. 20 ಗುಂಟೆ ಹೊಲದಲ್ಲಿ ನಾಲ್ಕೂವರೆ ಕ್ವಿಂಟಲ್ ರಾಗಿ ಆಯಿತು. ವರ್ಷದ ಊಟಕ್ಕೆ ಸಾಕಾಗಿ, ಬೀಜಕ್ಕೆ ಎತ್ತಿಟ್ಟು, ನಾದಿನಿಗೂ ಒಂದು ಮೂಟೆಯಷ್ಟು ಕೊಟ್ಟೆವು. ಅಕ್ಕಡಿಯಲ್ಲಿ ತೊಗರಿ 20 ಕೆ.ಜಿ., ಒಣ ಅವರೆ 15 ಕೆ.ಜಿ. ಹಸಿ ಅವರೆಯನ್ನು ಅಳೆದವರಿಲ್ಲ. ಮಾರ್ಗಶಿರದ ಇಬ್ಬನಿಗೆ ಸೊಗಡು ಕಟ್ಟಿದ ಮೇಲೆ ಒಂದೂವರೆ ತಿಂಗಳು ಮನೆಯಲ್ಲಿ ಹಿತಕಿದ ಬೇಳೆ ಬಿಟ್ಟು ಬೇರೆ ಮಾತೇ ಇರುವುದಿಲ್ಲ. ರಾತ್ರಿ ನೆನೆಹಾಕಿದ ಕಾಳನ್ನು ಟಿ.ವಿ. ಮುಂದೆ ಕೂತು ಮಕ್ಕಳೂ ಹಿತಕುತ್ತಾರೆ. ಹುಚ್ಚೆಳ್ಳು 12 ಕೆ.ಜಿ. ಆಗಿತ್ತು, ಗಾಣಕ್ಕೆ ಕೊಟ್ಟರೆ ನಾಲ್ಕು ಲೀಟರ್ ಎಣ್ಣೆ ಬಂತು. ಅದು ಯಾವ ಮೂಲೆಗೂ ಸಾಲದು, ಎಣ್ಣೆಯನ್ನು ಅಂಗಡಿಯಿಂದಲೇ ತರುತ್ತೇವೆ. 8 ಗುಂಟೆಯ ರಾಜಮುಡಿ ಬತ್ತ ಮೂರೂವರೆ ಕ್ವಿಂಟಲ್, ಮಿಲ್ಲಿಗೆ ಹಾಕಿಸಿದರೆ 2 ಕ್ವಿಂಟಲ್ 20 ಕೆ.ಜಿ. ಅಕ್ಕಿ. ಒಂಬತ್ತು ತಿಂಗಳು ಮೇಲೆ ಒಂದಿಷ್ಟು ದಿನ ಬಂತು, ಉಳಿದ ದಿನಕ್ಕೆ ಸೊಸೈಟಿ ಅಕ್ಕಿ ಉಂಡೆವು. ತರಕಾರಿ ಬೇಸಗೆಯ ಎರಡು ತಿಂಗಳು ಕೊಂಡುಕೊಳ್ಳುತ್ತೇವೆ. ಬೆಲ್ಲ ನಮ್ಮ ಕಬ್ಬನ್ನೇ ಒಂದು ಗಾಡಿ ಆಲೆಮನೆಗೆ ಹೊಡೆಸಿ ಮಾಡಿಸಿಕೊಂಡದ್ದು. ಉಪ್ಪು, ಟೀ ಪುಡಿ, ಈರುಳ್ಳಿ, ಬೆಳ್ಳುಳ್ಳಿ ಪೂರ್ತಿ ಅಂಗಡಿಯದೇ. ಎಲ್ಲವನ್ನೂ ನಾವೇ ಬೆಳೆದುಕೊಳ್ಳುತ್ತೇವೆ ಎಂದು ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ.

2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ನಮ್ಮ ನಾಲ್ಕೂವರೆ ಕ್ವಿಂಟಲನ್ನು ಖರೀದಿ ಕೇಂದ್ರಕ್ಕೆ ಹಾಕಿದ್ದರೆ 19,305 ರೂಪಾಯಿ ಬರುತ್ತಿತ್ತು. ನಿಮ್ಮ ಲೆಕ್ಕದಲ್ಲಿ ನಮ್ಮ ಹೆಸರೂ ಬರುತ್ತಿತ್ತು. ಉಂಡು ಕೈತೊಳೆದೆವು, ಹೆಸರು ಬರಲಿಲ್ಲ. ಹಾಲಿನ ಕತೆಯೂ ಇದೇ. ಡೈರಿಗೆ ಹಾಕಿದ ಹಾಲಿಗೆ ಚೀಟಿ ಇದೆ, ಲೀಟರಿಗೆ ಇಷ್ಟು ಎಂದು ಸರ್ಕಾರದ ಪ್ರೋತ್ಸಾಹಧನವೂ ಇದೆ. ಮಕ್ಕಳಿಗೆಂದು ಉಳಿಸಿಕೊಂಡ ಒಂದು ಲೀಟರಿಗೆ ಚೀಟಿ ಇಲ್ಲ. ನಮ್ಮ ಬೀದಿಯಲ್ಲಿ ಮೂರು ಹಸು ಕಟ್ಟಿದ ಮನೆಯಲ್ಲೂ ಹಾಲಷ್ಟೂ ಡೈರಿಗೆ ಹೋಗಿ, ಮಕ್ಕಳು ಕರಿ ಟೀ ಕುಡಿದು ಶಾಲೆಗೆ ಹೋಗುವುದನ್ನು ನೋಡಿದ್ದೇನೆ. ಚೀಟಿ ಸಿಗುವ ಕಡೆಗೆ ಕೈ ಹೋಗುತ್ತದೆ. ಅದು ಆ ತಾಯಿಯ ತಪ್ಪಲ್ಲ.

ಅಷ್ಟು ಸಣ್ಣದನ್ನೆಲ್ಲ ಬರೆದುಕೊಂಡು ಏನಾಗಬೇಕು ಎಂದು ನೀವು ಕೇಳಬಹುದು. 2023ನ್ನು ನೆನಪಿಸಿಕೊಳ್ಳಿ. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ವರ್ಷ ಅದು. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದದ್ದೂ ಅದೇ ವರ್ಷ. ಕನ್ನಂಬಾಡಿ ತುಂಬಲಿಲ್ಲ. 124.80 ಅಡಿಯ ಕಟ್ಟೆಯಲ್ಲಿ ಇವತ್ತು ಎಷ್ಟಿದೆ ಎಂದು ಬೆಳಿಗ್ಗೆ ಎದ್ದು ಪೇಪರಿನಲ್ಲಿ ನೋಡುವುದೇ ಒಂದು ಕೆಲಸವಾಗಿತ್ತು. ಬತ್ತ ಹಾಕಲಿಲ್ಲ. ಕಬ್ಬು ಅರ್ಧ ಒಣಗಿತು. ರಾಗಿ ಒಂದೂವರೆ ಕ್ವಿಂಟಲಿಗೆ ನಿಂತಿತು. ಆ ವರ್ಷ ನಮ್ಮ ಮನೆಯಲ್ಲಿ ಹಸಿರು ಕಂಡದ್ದು ಬಚ್ಚಲು ನೀರು ಕುಡಿದ ಆ 4 ಗುಂಟೆಯಲ್ಲಿ ಮಾತ್ರ. ನುಗ್ಗೆ ಸೊಪ್ಪು, ಪಪ್ಪಾಯಿ, ಬಾಳೆ, ನಾಲ್ಕು ಕೋಳಿ. ಮುದ್ದೆಗೆ ಸಾರು ಅಂತ ಏನಾದರೂ ಇತ್ತು ಎಂದರೆ ಅದರಿಂದ. ಬೆಳೆ ನಷ್ಟದ ಪರಿಹಾರ ಲೆಕ್ಕ ಹಾಕುವುದು ಸಮೀಕ್ಷೆಯ ಮೇಲೆಯೇ. ಆ ವರ್ಷವೂ ಹಿತ್ತಲು ಪಾಳು ಎಂದೇ ದಾಖಲಾಗಿತ್ತು ಎಂದು ಈಗ ಗೊತ್ತಾಗಿದೆ. ಪಾಳಿಗೆ ಪರಿಹಾರ ಯಾರು ಕೊಡುತ್ತಾರೆ? ನಾನೂ ಕೇಳುತ್ತಿಲ್ಲ. ಬರದಲ್ಲಿ ಊರು ಏನನ್ನು ತಿಂದು ಉಳಿಯಿತು ಎಂಬುದು ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲವಲ್ಲ, ಮುಂದಿನ ಬರಕ್ಕೆ ನೀವು ಏನನ್ನು ನೋಡಿಕೊಂಡು ತಯಾರಿ ಮಾಡುತ್ತೀರಿ ಎಂದು ಕೇಳುತ್ತಿದ್ದೇನೆ.

ದಾಖಲೆಯಲ್ಲಿ ಇಲ್ಲದ್ದಕ್ಕೆ ಕಾವಲೂ ಇರುವುದಿಲ್ಲ. ಎರಡು ವರ್ಷದ ಕೆಳಗೆ ಪಕ್ಕದ ಗದ್ದೆಯ ಎಳೆ ಕಬ್ಬಿಗೆ ಕಳೆ ಔಷಧಿ ಹೊಡೆದರು. ನಮ್ಮವರೇ, ಯಜಮಾನರ ಚಿಕ್ಕಪ್ಪನ ಮಗ. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಆಷಾಢದ ಗಾಳಿ, ನಿಮಗೆ ಗೊತ್ತಿದೆ. ಮೂರನೇ ದಿನಕ್ಕೆ ಹಿತ್ತಲಿನ ಟೊಮ್ಯಾಟೊ ಕುಡಿ ಮುರುಟಿಕೊಂಡಿತು. ವಾರದೊಳಗೆ ಬದನೆ, ಅವರೆಯ ಹೊಸ ಎಲೆಗಳು ಅಗಲ ಕಳೆದುಕೊಂಡು ಶ್ಯಾವಿಗೆಯ ಹಾಗೆ ಸಣ್ಣಗಾದವು, ಅದರ ನರಗಳು ಒತ್ತೊತ್ತಾಗಿ ಎದ್ದು ನಿಂತವು. ಹೂವು ಬಿಟ್ಟರೂ ಕಾಯಿ ಕಚ್ಚಲಿಲ್ಲ. ರೋಗ ಎಂದುಕೊಂಡು ನಾನು ಬೂದಿ ಎರಚಿದೆ, ಹುಳಿಮಜ್ಜಿಗೆ ಹೊಡೆದೆ. ಆಮೇಲೆ ತಿಳಿದವರೊಬ್ಬರು ನೋಡಿ '2,4-ಡಿ' ಎಂದರು. ಅದು ಅಗಲ ಎಲೆಯ ಗಿಡವನ್ನು ಕೊಲ್ಲುವ ಔಷಧಿ. ಕಬ್ಬು ಹುಲ್ಲಿನ ಜಾತಿ, ಅದಕ್ಕೆ ತಡೆಯುತ್ತದೆ. ಟೊಮ್ಯಾಟೊ, ಬದನೆ, ಅವರೆಗೆ ಗಾಳಿಯಲ್ಲಿ ಬಂದ ಹನಿಯೇ ಸಾಕು. ಮೈದುನನನ್ನು ಕೇಳಿದರೆ, "ನನ್ ಗದ್ದೇಗೆ ನಾನ್ ಹೊಡ್ಕೊಂಡೆ ಅತ್ಗೆ. ನಿಮ್ ಇತ್ಲಲ್ಲಿ ಬೆಳೆ ಎಲ್ಲೈತೆ?" ಎಂದ. ಬೇಕೆಂದು ಹಾಗಂದವನಲ್ಲ, ನಿಜವಾಗಿ ಅವನ ಕಣ್ಣಿಗೂ ಅದು ಬೆಳೆಯಾಗಿ ಕಾಣುವುದಿಲ್ಲ. ಈಗ ಔಷಧಿ ಹೊಡೆಯುವ ಹಿಂದಿನ ದಿನ ಬಂದು ಹೇಳುತ್ತಾನೆ, ಗಾಳಿ ಏಳುವ ಮುಂಚೆ ಮುಗಿಸುತ್ತಾನೆ. ನಮ್ಮಿಬ್ಬರದು ಹೀಗೆ ಬಗೆಹರಿಯಿತು. ಊರೂರಿಗೂ ರೈತ ಸಂಪರ್ಕ ಕೇಂದ್ರದಿಂದ ಔಷಧಿ ಕೊಡುವಾಗಲೇ ಇಷ್ಟು ಮಾತು ಹೇಳಿದರೆ ಬೇರೆಯವರದೂ ಬಗೆಹರಿದೀತು.

ಕಳೆ ಎಂದಾಗ ಇನ್ನೊಂದು ವಿಷಯ. ರಾಗಿಗೆ ಎರಡನೇ ಸಲ ಕುಂಟೆ ಹೊಡೆದ ಮೇಲೆ ಕಳೆ ಕೀಳಲು ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಡ್ಲು ಕಟ್ಟಿಕೊಂಡು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅವರ ಕೈ ಕಿತ್ತದ್ದರಲ್ಲಿ ಅರ್ಧ ಬದುವಿಗೆ ಹೋಗುತ್ತದೆ, ಅರ್ಧ ಮಡ್ಲಿಗೆ. ನೋಡಿ ಆರಿಸುವುದೂ ಇಲ್ಲ, ಬೆರಳಿಗೇ ಗೊತ್ತು. ಅಣ್ಣೆ, ಗಣಕೆ, ಹೊನಗನ್ನೆ, ಕಿರಕಸಾಲೆ, ದೊಡ್ಡಗುಣಿ, ಗೋಣಿ. ಬಿತ್ತಿದವರಿಲ್ಲ, ನೀರು ಕಟ್ಟಿದವರಿಲ್ಲ. ಎಲ್ಲ ಸೇರಿದರೆ ಬೆರಕೆ ಸೊಪ್ಪು. ಹುರುಳಿಯೋ ತೊಗರಿಯೋ ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು ಬಸಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆ ರುಬ್ಬಿ ಆ ಕಟ್ಟಿಗೆ ಕದಡಿ ಕುದಿಸಿದರೆ ಬಸ್ಸಾರು. ಬಸಿದುಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಸೊಪ್ಪು ತಿನ್ನಿ ಎಂದು ಗೋಡೆಗಳ ಮೇಲೆ ಬರೆಸುತ್ತೀರಿ. ಆ ಗೋಡೆಯ ಹಿಂದಿನ ಗದ್ದೆಯಲ್ಲೇ ಸೊಪ್ಪಿನ ಬೀಜ ನೆಲದಲ್ಲಿ ಕಣ್ಣುಬಿಡದ ಹಾಗೆ ಔಷಧಿ ಬೀಳುತ್ತದೆ. ನಮ್ಮ ಕಡೆ ಹತ್ತು ವರ್ಷದ ಹಿಂದೆ ಯಾರ ಹೊಲಕ್ಕೆ ಹೋದರೂ ಸಿಗುತ್ತಿದ್ದ ಅಣ್ಣೆಸೊಪ್ಪಿಗೆ ಈಗ ಅತ್ತೆ ಎರಡು ಹೊಲ ದಾಟಿ ಹೋಗುತ್ತಾರೆ.

ಕೋಳಿ ವಿಚಾರ ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಒಂದು ಬೇಸಗೆ ಹದಿನಾಲ್ಕು ನಾಟಿ ಕೋಳಿ ಒಂದೇ ವಾರದಲ್ಲಿ ಹೋದವು. ಹಸಿರು ಭೇದಿ, ಕತ್ತು ತಿರುಚಿಕೊಂಡು ಹಿಂದೆ ಹಿಂದೆ ನಡೆಯುವುದು. ಕೊಕ್ಕರೆ ರೋಗ. ಅದಕ್ಕೆ ಲಸಿಕೆ ಇದೆ, ದುಬಾರಿಯೂ ಅಲ್ಲ. ಆದರೆ ಬಾಟಲಿ ಬರುವುದು ನೂರು ಕೋಳಿ ಲೆಕ್ಕಕ್ಕೆ. ಒಂದು ಸಲ ಕಲಸಿದರೆ ಐಸಿನಲ್ಲಿಟ್ಟುಕೊಂಡು ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ನಾಲ್ಕಾರು ಕೋಳಿಗೆ ಬಾಟಲಿ ಒಡೆಯಲಾಗದು ಎಂದು ಕೇಳಿದ ಕಡೆಯೆಲ್ಲ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಕೊನೆಗೆ ನಮ್ಮ ಸಂಘದ ಹೆಂಗಸರೇ ದುಡ್ಡು ಹಾಕಿ ಬಾಟಲಿ ತಂದು, ಕತ್ತಲಾಗಿ ಕೋಳಿ ಗೂಡು ಸೇರಿದ ಮೇಲೆ ಮನೆಮನೆಗೆ ಹೋಗಿ ಕಣ್ಣಿಗೊಂದು ಹನಿ ಹಾಕಿ ಬಂದೆವು. ಎಂಬತ್ತೇಳು ಕೋಳಿ ಆದವು, ಮೂರು ಕಚ್ಚಿದವು. ಕಾಲುಬಾಯಿ ಜ್ವರಕ್ಕೆ ನೀವು ದನದ ಕೊಟ್ಟಿಗೆಗೇ ಬಂದು ಲಸಿಕೆ ಹಾಕುವಿರಲ್ಲ, ಹಾಗೆ ಬೇಸಗೆಗೆ ಮುಂಚೆ ಊರಿಗೊಂದು ಸಂಜೆ ಗೊತ್ತುಮಾಡಿ ಟಾಂ ಟಾಂ ಹೊಡೆಸಿದರೆ ಸಾಕು, ಕೋಳಿ ಹಿಡಿದುಕೊಡುವ ಕೆಲಸ ನಮ್ಮದು. (ನವಿಲಿನ ಬಗ್ಗೆ ನಿಮಗೆ ಬರೆದು ಪ್ರಯೋಜನವಿಲ್ಲ. ಮೊಳಕೆಯೊಡೆದ ಅಲಸಂದೆಯನ್ನು ಒಂದು ಬೆಳಿಗ್ಗೆಯಲ್ಲಿ ಖಾಲಿ ಮಾಡುತ್ತವೆ. ರಾಷ್ಟ್ರಪಕ್ಷಿ, ಅದನ್ನು ಹುಷ್ ಎನ್ನಲೂ ಹೆದರಿಕೆ. ಕಬ್ಬಿನೊಳಗಿನ ಚಿರತೆ ಬಗ್ಗೆ ಬೇರೆಯವರು ಬರೆದಿದ್ದಾರೆ.)

ಬೀಜ. ಕೈತೋಟಕ್ಕೆಂದು ಒಂದು ಸಲ ನಮ್ಮ ಸಂಘಕ್ಕೆ ತರಕಾರಿ ಬೀಜದ ಕಿಟ್ ಬಂತು. ಸಂತೋಷವಾಗಿ ಹಾಕಿದೆವು, ಟೊಮ್ಯಾಟೊ ಗೊಂಚಲು ಗೊಂಚಲು ಬಿಟ್ಟಿತು. ಅಭ್ಯಾಸ ಬಲ, ಚೆನ್ನಾಗಿದ್ದ ಹಣ್ಣಿನ ಬೀಜವನ್ನು ಬೂದಿಯಲ್ಲಿ ಉಜ್ಜಿ ಒಣಗಿಸಿ ಎತ್ತಿಟ್ಟೆ. ಮಾರನೇ ವರ್ಷ ಒಂದು ಗಿಡದ ಹಾಗೆ ಇನ್ನೊಂದು ಇಲ್ಲ. ಒಂದರಲ್ಲಿ ನೆಲ್ಲಿಕಾಯಿ ಗಾತ್ರ, ಒಂದರಲ್ಲಿ ಬರೀ ಎಲೆ. ಹೈಬ್ರಿಡ್ ಬೀಜದ ಗುಣವೇ ಅದು, ತಾಯಿಯ ಹಾಗೆ ಮಗಳು ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕು ರೈತರಿಗೆ ಇದೆ ಎಂದು 2001ರ ಸಸ್ಯತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಉಳಿಸಿಕೊಳ್ಳಲಾಗದ ಬೀಜವನ್ನು ಪುಕ್ಕಟೆ ಕೊಟ್ಟರೆ ಆ ಹಕ್ಕನ್ನು ಎಲ್ಲಿ ಬಿತ್ತುವುದು? ಮಾರಾಟಕ್ಕೆ ಬೆಳೆಯುವವರಿಗೆ ಹೈಬ್ರಿಡ್ ಬೇಕು, ಕೊಡಿ. ಮನೆಗೆ ಬೆಳೆದುಕೊಳ್ಳುವವರಿಗೆ ಬೀಜಕ್ಕೆ ಬಿಡುವ ತಳಿ ಕೊಡಿ. ಎಲ್ಲಿಂದ ತರುವುದು ಎಂದರೆ ಇದೇ ಜಿಲ್ಲೆಯಲ್ಲಿ, ಕಿರುಗಾವಲಿನಲ್ಲಿ, ಸೈಯದ್ ಘನಿ ಖಾನ್ ಅವರು ನೂರಾರು ಬತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲೇ ಉಳಿಸಿಕೊಂಡು ಬಂದಿದ್ದಾರೆ. ತರಕಾರಿಯದ್ದು ಊರೂರಿನ ಮುದುಕಿಯರ ಅಡುಗೆ ಮನೆಯಲ್ಲಿದೆ. ನಮ್ಮತ್ತೆಯ ಸೂರಿನಡಿ ಬಲಿತ ಹೀರೆಕಾಯಿ, ಸೋರೆ ಬುರುಡೆ ನೇತಾಡುತ್ತಿವೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಮಡಕೆಯಲ್ಲಿಟ್ಟಿದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಸಮಿತಿ, ಊರಿನ ಗಿಡಮರ ತಳಿಗಳ ಒಂದು ದಾಖಲೆ ಪುಸ್ತಕ ಇರಬೇಕು. ಆ ಪುಸ್ತಕ ಹಿಡಿದುಕೊಂಡು ಇಂಥವರ ಮನೆಗೆ ಯಾರಾದರೂ ಬಂದರೆ ಒಂದು ಮಧ್ಯಾಹ್ನಕ್ಕೆ ನಾಲ್ಕು ಪುಟ ತುಂಬುತ್ತದೆ.

ಈಗ ಮೊದಲಿನ ಮಾತಿಗೆ ಬರುತ್ತೇನೆ. ಸಮೀಕ್ಷೆಯ ಪಟ್ಟಿಯಲ್ಲಿ 'ಮನೆ ತಾಕು' ಎಂದೋ 'ಹಿತ್ತಲು' ಎಂದೋ ಒಂದು ಹೆಸರು ಸೇರಿಸಿ. ಆರು ಗಿಡ ಬದನೆಗೆ ಎಷ್ಟು ಗುಂಟೆ ಎಂದು ಕೇಳಬೇಡಿ. ಒಟ್ಟು ಇಷ್ಟು ಗುಂಟೆ, ಅದರಲ್ಲಿ ಇಂತಿಂಥವು ಎಂದು ಬಾಯಿಮಾತಲ್ಲಿ ಹೇಳಿದ್ದನ್ನು ಬರೆದುಕೊಳ್ಳಿ. ರಾಗಿ ಎಂದು ಒತ್ತಿದ ಕಡೆ ಅಕ್ಕಡಿಗೆ ಪ್ರತ್ಯೇಕ ಜಾಗ ಇರಲಿ. ಮುಂಗಾರಿನ ಫೋಟೊದಲ್ಲಿ ಅವರೆ, ತೊಗರಿ ರಾಗಿಯ ಮರೆಯಲ್ಲಿ ಕಾಣುವುದೇ ಇಲ್ಲ. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಹೊಲದಲ್ಲಿ ಉಳಿಯುವುದು ಅವೇ. ಆಗ ಇನ್ನೊಂದು ಸಲ ಬಂದರೆ ಸರಿಯಾದ ಲೆಕ್ಕ ಸಿಗುತ್ತದೆ. ಎರಡು ಸಲ ಬರುವ ಹುಡುಗನಿಗೆ ಎರಡು ಸಲದ ದುಡ್ಡು ಕೊಡಿ, ಪೆಟ್ರೋಲು ಅವನದೇ.

ಈ ವರ್ಷವೂ ಅದೇ ಹುಡುಗ ಬರುವುದಾದರೆ ಹಿಂದಿನ ದಿನ ಒಂದು ಫೋನು ಮಾಡಲಿ. ಬೆಳಿಗ್ಗೆ ಹನ್ನೊಂದರವರೆಗೆ ನಾವು ಮೇಲಿನ ಹೊಲದಲ್ಲಿರುತ್ತೇವೆ, ಹಿತ್ತಲ ಬಾಗಿಲಿಗೆ ಅಗುಳಿ ಹಾಕಿರುತ್ತದೆ. ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ. ಚಪ್ಪರದ ಕೆಳಗೆ ಕಾವಿಗೆ ಕೂತ ಕೋಳಿ ಇರುತ್ತದೆ, ಅದರ ಹತ್ತಿರ ಮಾತ್ರ ಹೋಗಬಾರದು.

ಇಂತಿ,
ಒಬ್ಬ ರೈತ ಹೆಂಗಸು
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ